‘ಪ್ಲಾಸ್ಟಿಕ್ ರಿಪೇರಿ ಆಗಲ್ಲ ಸರ್’ ಅನ್ನುವುದು ಸುಳ್ಳು

ಹಳೆ ಕಾರು ಇಟ್ಟುಕೊಂಡಿರುವ ಯಾರನ್ನೇ ಕೇಳಿ, ಈ ಮಾತನ್ನು ಒಂದಲ್ಲ ಒಂದು ಕೌಂಟರಿನಲ್ಲಿ ಕೇಳಿಸಿಕೊಂಡೇ ಇರುತ್ತಾರೆ. ಬಂಪರ್ ಸೀಳಿದೆ, ಹೆಡ್‌ಲೈಟಿನ ಒಂದು ಕಿವಿ ಮುರಿದಿದೆ, ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿದೆ. ಕೌಂಟರಿನ ಹುಡುಗ ಎದ್ದು ಕಾರಿನ ಹತ್ತಿರ ಬರುವುದೂ ಇಲ್ಲ. ಕಂಪ್ಯೂಟರ್ ನೋಡುತ್ತಲೇ ಹೇಳುತ್ತಾನೆ: “ಪ್ಲಾಸ್ಟಿಕ್ ರಿಪೇರಿ ಆಗಲ್ಲ ಸರ್. ಹೊಸದೇ ಹಾಕ್ಬೇಕು.” ಹಿಂದೆಯೇ ಇನ್ನೊಂದು ಮಾತು: “ಈ ಮಾಡೆಲ್‌ಗೆ ಪಾರ್ಟ್ಸ್ ಬರಲ್ಲ. ಎಕ್ಸ್‌ಚೇಂಜ್‌ಗೆ ಕೊಟ್ಬಿಡಿ.”

ಮೊದಲ ಮಾತು ಸುಳ್ಳು. ಎರಡನೆಯದು ಆ ಸುಳ್ಳಿನ ಮೇಲೆ ಕಟ್ಟಿದ ವ್ಯಾಪಾರ.

ನನ್ನ ಡಿಪ್ಲೊಮಾ ಪತ್ರಿಕೋದ್ಯಮದ್ದು, ಮೆಕ್ಯಾನಿಕಲ್‌ನದ್ದಲ್ಲ. ಆದರೆ ವರದಿಗಾರನ ಕೆಲಸವೇ ಕೇಳುವುದು. ತಾಲ್ಲೂಕು ಕೇಂದ್ರಗಳ ಗ್ಯಾರೇಜ್‌ಗಳಲ್ಲಿ, ಪೇಂಟ್ ಅಂಗಡಿಗಳಲ್ಲಿ, ಗುಜರಿಯವರ ಹತ್ತಿರ ಕೇಳುತ್ತಾ ಹೋದಂತೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಮ್ಮಲ್ಲಿ ಕಾರಿನ ಪ್ಲಾಸ್ಟಿಕ್ ಹಾಳಾಗುವುದಕ್ಕಿಂತ ಹೆಚ್ಚಾಗಿ, ಹಾಳಾಗಿದೆ ಎಂದು ತೀರ್ಪು ಕೊಡಲಾಗುತ್ತದೆ.

ಯಾವ ಕಾರಿನ ಮಾತು ಇದು?

ಕ್ಲಾಸಿಕ್ ಕಾರು ಅಂದಕೂಡಲೇ ಅರಮನೆಯ ಮುಂದೆ ನಿಲ್ಲುವ ರೋಲ್ಸ್ ರಾಯ್ಸ್ ನೆನಪಾಗುತ್ತದೆ. ಅವುಗಳ ಚಿಂತೆ ನಮಗೆ ಬೇಡ, ಅವಕ್ಕೆ ದುಡ್ಡೂ ಇದೆ, ಆಳುಗಳೂ ಇದ್ದಾರೆ. ನಾನು ಹೇಳುತ್ತಿರುವುದು ನಿಮ್ಮ ಹಟ್ಟಿಯ ಪಕ್ಕದ ಶೆಡ್ಡಿನಲ್ಲಿರುವ ಮಾರುತಿ 800, ಮದುವೆ ದಿಬ್ಬಣಕ್ಕೆ ಹೋಗಿ ಬಂದ ಅಂಬಾಸಿಡರ್, ಮೇಷ್ಟ್ರು ಮಾರದೆ ಉಳಿಸಿಕೊಂಡ ಪದ್ಮಿನಿ, ರಾತ್ರಿ ಹೆರಿಗೆ ನೋವು ಬಂದಾಗ ಊರಿನವರೆಲ್ಲ ಬಾಗಿಲು ತಟ್ಟುವ ಮನೆಯ ಓಮ್ನಿ, ಇಂಥವುಗಳ ಮಾತು.

ಮೊದಲ ಮಾರುತಿ 800 ಮಾಲೀಕರ ಕೈಸೇರಿದ್ದು 1983ರ ಡಿಸೆಂಬರ್ 14ರಂದು. 2014ರ ಜನವರಿಯಲ್ಲಿ ಅದರ ಉತ್ಪಾದನೆ ನಿಂತಿತು. ಅದೇ ವರ್ಷ ಮೇ ತಿಂಗಳಲ್ಲಿ ಅಂಬಾಸಿಡರ್ ಕೂಡ ನಿಂತಿತು. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆಂದು ಪ್ರತ್ಯೇಕ ನಿಯಮ ತಂದಿದೆ, ಆದರೆ ಆ ಗೌರವಕ್ಕೆ ವಾಹನಕ್ಕೆ 50 ವರ್ಷ ಆಗಿರಬೇಕು. ಅಂದರೆ ಅತಿ ಹಳೆಯ ಮಾರುತಿ 800ಕ್ಕೂ 2033ರ ಕೊನೆಯವರೆಗೆ ಆ ಭಾಗ್ಯ ಇಲ್ಲ. ಇನ್ನೊಂದು ಕಡೆ, 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ ಒಂದೇ ಏಟಿಗೆ 5,000ಕ್ಕೆ ಹೋಯಿತು.

ಹಾಗಾಗಿ ನಮ್ಮ ಕಾರುಗಳು ನಡು ನೀರಿನಲ್ಲಿವೆ. ಸರ್ಕಾರಕ್ಕೆ ಅವು ಹಳತು, ಆದರೆ ಪರಂಪರೆ ಅಲ್ಲ. ಈ ನಡುವಿನ ವರ್ಷಗಳಲ್ಲಿ ಕಾರು ಉಳಿಯುತ್ತದೋ ಗುಜರಿಗೆ ಹೋಗುತ್ತದೋ ಎಂಬುದನ್ನು ಎಷ್ಟೋ ಸಲ ತೀರ್ಮಾನಿಸುವುದು ಇಂಜಿನ್ ಅಲ್ಲ. ಇಂಜಿನ್ ಬಿಚ್ಚಿ ಕಟ್ಟುವವರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ತಗಡು ಬಡಿದು ನೇರ ಮಾಡುವವರೂ ಇದ್ದಾರೆ. ತೀರ್ಮಾನಿಸುವುದು ಪ್ಲಾಸ್ಟಿಕ್. ಏಕೆಂದರೆ ಅದರ ಬಗ್ಗೆ ನಾವು ಆ ಸುಳ್ಳನ್ನು ನಂಬಿಬಿಟ್ಟಿದ್ದೇವೆ.

ರೈತನಿಗೆ ಗೊತ್ತಿರುವ ವಿದ್ಯೆ

ತಮಾಷೆ ಏನೆಂದರೆ, ಪ್ಲಾಸ್ಟಿಕ್ ರಿಪೇರಿಯ ಮೂಲಪಾಠ ನಿಮಗೆ ಈಗಾಗಲೇ ಗೊತ್ತು.

ತೋಟದ ಪಿವಿಸಿ ಪೈಪ್ ಒಡೆದರೆ ಏನು ಮಾಡುತ್ತೀರಿ? ಕಪ್ಲಿಂಗ್ ತಂದು ಸಲ್ಯೂಷನ್ ಹಚ್ಚಿ ಕೂರಿಸುತ್ತೀರಿ. ಅದೇ ಸಲ್ಯೂಷನ್ನನ್ನು ಕಪ್ಪು ಎಚ್‌ಡಿಪಿಇ ಪೈಪಿಗೆ ಹಚ್ಚುತ್ತೀರಾ? ಇಲ್ಲ. ಅದಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ ಎಂದು ನಿಮಗೆ ಗೊತ್ತು. ನೀರಿನ ಯೋಜನೆಯ ಕೆಲಸದವರು ಬಂದು ಬಿಸಿ ತಟ್ಟೆಗೆ ಎರಡೂ ತುದಿ ಒತ್ತಿ, ಕರಗಿಸಿ, ಒಂದಕ್ಕೊಂದು ಕೂಡಿಸಿ ಹೋಗುತ್ತಾರೆ. ಇನ್ನು ಫೈಬರ್ ಶೀಟು ತೂತಾದರೆ? ಅದು ಕರಗುವುದೂ ಇಲ್ಲ, ಸಲ್ಯೂಷನ್ನಿಗೂ ಬಗ್ಗುವುದಿಲ್ಲ. ಅದಕ್ಕೆ ಮ್ಯಾಟು, ರೆಸಿನ್ನು, ಹಾರ್ಡನರ್ ಬೇಕು.

ಕಾರಿನ ಪ್ಲಾಸ್ಟಿಕ್‌ನಲ್ಲೂ ಮುಖ್ಯವಾಗಿ ಇವೇ ಮೂರು ಕುಲ. ದ್ರಾವಣಕ್ಕೆ ಕರಗುವುದು, ಶಾಖಕ್ಕೆ ಮಾತ್ರ ಬಗ್ಗುವುದು, ಒಮ್ಮೆ ಗಟ್ಟಿಯಾದರೆ ಯಾವುದಕ್ಕೂ ಕರಗದೆ ರೆಸಿನ್‌ನಿಂದಷ್ಟೇ ಕೂಡುವುದು. ಯಾವುದು ಯಾವ ಕುಲ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ತಿಳಿಯುವುದು ಹೇಗೆ? ಭಾಗವನ್ನು ಬಿಚ್ಚಿ ಹಿಂಬದಿ ನೋಡಿ. ಇತ್ತೀಚಿನ ದಶಕಗಳ ಬಿಡಿಭಾಗಗಳ ಮೇಲೆ ಪಿಪಿ, ಎಬಿಎಸ್, ಪಿಸಿ ಎಂಬ ಇಂಗ್ಲಿಷ್ ಅಕ್ಷರಗಳು ಬಾಣದ ಗುರುತುಗಳ ನಡುವೆ ಅಚ್ಚಾಗಿರುತ್ತವೆ. ಬಹಳ ಹಳೆಯ ಭಾಗಗಳಲ್ಲಿ ಅದು ಇಲ್ಲದಿರಬಹುದು. ಆಗ ಹಿಂಬದಿಯಿಂದ ಬ್ಲೇಡಿನಲ್ಲಿ ಒಂದು ಚೂರು ಕೆರೆದು ಲೋಟದ ನೀರಿಗೆ ಹಾಕಿ. ಪಾಲಿಪ್ರೊಪಿಲೀನ್, ಅಂದರೆ ಪಿಪಿ, ನೀರಿಗಿಂತ ಹಗುರ, ತೇಲುತ್ತದೆ. ಎಬಿಎಸ್ ಮುಳುಗುತ್ತದೆ. ಪಿಪಿಗೆ ಟಾಲ್ಕ್ ಪುಡಿ ಜಾಸ್ತಿ ಬೆರೆಸಿದ್ದರೆ ಅದೂ ಮುಳುಗಬಹುದು. ಅನುಮಾನ ಇದ್ದರೆ ಹಿಂಬದಿಯಲ್ಲೇ ಒಂದು ಹನಿ ಅಸಿಟೋನ್ ಹಾಕಿ ಉಜ್ಜಿ. ಎಬಿಎಸ್ ಮೆತ್ತಗಾಗಿ ಬೆರಳಿಗೆ ಅಂಟುತ್ತದೆ, ಪಿಪಿಗೆ ಏನೂ ಆಗುವುದಿಲ್ಲ.

ಒಂದು ಲೋಟ ನೀರು, ಒಂದು ಹನಿ ಅಸಿಟೋನ್. ಇಷ್ಟನ್ನೂ ಮಾಡದೆ “ರಿಪೇರಿ ಆಗಲ್ಲ” ಎನ್ನುವವನು ಪರೀಕ್ಷೆ ಮಾಡದೆ ರೋಗಿ ಉಳಿಯಲ್ಲ ಎನ್ನುವ ಡಾಕ್ಟರ್ ಇದ್ದ ಹಾಗೆ.

ಸೀಳಿದ ಬಂಪರ್ ಕೂಡುತ್ತದೆ

ಪ್ಲಾಸ್ಟಿಕ್ ಬಂಪರ್‌ಗಳಲ್ಲಿ ಹೆಚ್ಚಿನವು ಪಿಪಿ ಕುಲದವು. ಅದರ ಮೈ ಮೇಣದ ಹಾಗೆ, ಅಂಟು ಕೂರುವುದಿಲ್ಲ. ಎರಡು ಹನಿ ಗಮ್ ಹಾಕಿ, ಮೇಲೆ ತಗಡಿನ ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕಳಿಸಿದರೆ ಮೂರನೇ ಹಂಪ್‌ನಲ್ಲಿ ಬಾಯಿ ಬಿಡುತ್ತದೆ. ಆಮೇಲೆ ಅದೇ ಗ್ಯಾರೇಜಿನವನು “ನೋಡಿದ್ರಾ, ನಾನು ಹೇಳ್ಲಿಲ್ವಾ?” ಅನ್ನುತ್ತಾನೆ. ತಪ್ಪು ಪ್ಲಾಸ್ಟಿಕ್‌ನದಲ್ಲ ಸ್ವಾಮಿ, ತಪ್ಪು ಮದ್ದಿನದು.

ಸರಿಯಾದ ಮದ್ದು ಇಷ್ಟು. ಸೋಪು ನೀರಿನಲ್ಲಿ ತೊಳೆದು ಒಣಗಿಸಬೇಕು. ಬಿರುಕು ಎಲ್ಲಿ ಮುಗಿಯುತ್ತದೋ ಅಲ್ಲಿ ಸಣ್ಣ ತೂತು ಕೊರೆದರೆ ಅದು ಮುಂದೆ ಓಡುವುದಿಲ್ಲ. ಬಿರುಕಿನ ಉದ್ದಕ್ಕೂ ನೇಗಿಲ ಸಾಲಿನ ಆಕಾರದಲ್ಲಿ ಕೆತ್ತಬೇಕು. ಹಿಂಬದಿಯಲ್ಲಿ ಸ್ಟೀಲ್ ಜಾಲರಿಯ ತುಂಡನ್ನು ಸೋಲ್ಡರಿಂಗ್ ಐರನ್‌ನಿಂದ ಒತ್ತಿ ಪ್ಲಾಸ್ಟಿಕ್ ಒಳಗೆ ಮುಳುಗಿಸಬೇಕು. ಮುಂದಿನ ಸಾಲಿಗೆ ಅದೇ ಜಾತಿಯ ಪ್ಲಾಸ್ಟಿಕ್ ಪಟ್ಟಿಯನ್ನು ಬಿಸಿಗಾಳಿಯಲ್ಲಿ ಕರಗಿಸಿ ತುಂಬಬೇಕು. ಗುಜರಿಯಲ್ಲಿ ಬಿದ್ದಿರುವ ಪಿಪಿ ಬಂಪರ್ ಒಂದರಿಂದ ಕತ್ತರಿಸಿದ ಪಟ್ಟಿ ಸಾಕು. ಪಿಪಿ ಕರಗುವುದು ಸುಮಾರು 160 ಡಿಗ್ರಿಗೆ. ಪಟ್ಟಿಯನ್ನೂ ಬಂಪರಿನ ಮೈಯನ್ನೂ ಒಟ್ಟಿಗೆ ಕರಗಿಸಬೇಕು, ಸುಡಬಾರದು. ಕೈ ಪಳಗಬೇಕಾದದ್ದು ಇಲ್ಲೇ.

ಮುಂದಿನ ಜಾಲರಿ, ಮೀಟರ್ ಸುತ್ತಿನ ಚೌಕಟ್ಟು, ಹೊಳೆಯುವ ಕ್ರೋಮ್ ಮಾಡಿದ ಪಟ್ಟಿಗಳು ಬಹಳಷ್ಟು ಕಾರುಗಳಲ್ಲಿ ಎಬಿಎಸ್. ಇದು ಇನ್ನೂ ಸಲೀಸು. ಬೇಡದ ಎಬಿಎಸ್ ಚೂರುಗಳನ್ನು ಗಾಜಿನ ಬಾಟಲಿಯಲ್ಲಿ ಅಸಿಟೋನ್ ಹಾಕಿ ಒಂದು ರಾತ್ರಿ ಬಿಟ್ಟರೆ ಅಂಬಲಿಯಂತೆ ಆಗುತ್ತದೆ. ಬಿರುಕಿಗೆ ಅದನ್ನೇ ತುಂಬಿದರೆ ಅಸಿಟೋನ್ ಹಾರಿಹೋಗಿ ಬರೀ ಎಬಿಎಸ್ ಉಳಿಯುತ್ತದೆ. ಚೆನ್ನಾಗಿ ಒಣಗಲು ಒಂದೆರಡು ದಿನ ಬಿಡಬೇಕು ಅಷ್ಟೇ. ಮುರಿದ ಕಿವಿಯನ್ನೂ ಹೀಗೆ ಕಟ್ಟಬಹುದು. ಈ ಒಂದು ಕಿವಿಗಾಗಿ ಇಡೀ ಜಾಲರಿ ಬದಲಿಸಿ ಎನ್ನುವವರಿಗೆ ಏನನ್ನಬೇಕು? ಚಪ್ಪಲಿಯ ಉಂಗುಷ್ಟ ಕಿತ್ತರೆ ಕಾಲನ್ನೇ ಬದಲಿಸಿ ಅನ್ನುವ ಮಂದಿ ಇವರು.

ಮೂರನೆಯ ಕುಲದ ಕಥೆ ನಮ್ಮ ರಾಜ್ಯದ್ದೇ. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಬಾದಲ್ ಎಂಬ ಮೂರು ಚಕ್ರದ ಕಾರು ತಯಾರಾಗುತ್ತಿತ್ತು. 1980ರ ದಶಕದಲ್ಲಿ ಅಲ್ಲಿಯದೇ ಸಿಪಾನಿ ಕಂಪನಿ ಡಾಲ್ಫಿನ್ ಎಂಬ ಪುಟ್ಟ ಕಾರು ತಂದಿತು, ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. ಎರಡರ ಮೈಯೂ ತಗಡಿನದಲ್ಲ, ಫೈಬರ್ ಗ್ಲಾಸಿನದು. ಇಂಥ ಕಾರು ಒಡೆದರೆ ಯಾರಿಗೆ ತೋರಿಸಬೇಕು? ಮಲ್ಪೆಗೋ ಗಂಗೊಳ್ಳಿಗೋ ಹೋಗಿ ನೋಡಿ. ಫೈಬರ್ ದೋಣಿಗಳಿಗೆ ಮ್ಯಾಟು ಹಾಸಿ, ರೆಸಿನ್ ಬಳಿದು, ಉಜ್ಜಿ, ಮತ್ತೆ ಸಮುದ್ರಕ್ಕೆ ಇಳಿಸುತ್ತಾರೆ. ಅಲೆಯ ಹೊಡೆತ ತಾಳುವ ತೇಪೆ ನಮ್ಮ ರಸ್ತೆಯ ಗುಂಡಿ ತಾಳುವುದಿಲ್ಲವೇ?

ಪೂರ್ವ ಜರ್ಮನಿಯ ಝ್ವಿಕಾವ್ ಊರಿನಲ್ಲಿ 1957ರಿಂದ 1991ರವರೆಗೆ ಟ್ರಾಬಾಂಟ್ ಎಂಬ ಕಾರು ತಯಾರಾಯಿತು. ಉಕ್ಕಿನ ಕೊರತೆ ಇದ್ದ ಕಾರಣ ಅದರ ಹೊರಮೈಯನ್ನು ಹತ್ತಿಯ ತ್ಯಾಜ್ಯಕ್ಕೆ ರಾಳ ಬೆರೆಸಿ ಒತ್ತಿ ಮಾಡುತ್ತಿದ್ದರು. 30 ಲಕ್ಷಕ್ಕೂ ಹೆಚ್ಚು ಕಾರು ಬಂದವು. ನಗುವವರು ರಟ್ಟಿನ ಕಾರು ಎಂದು ನಕ್ಕರು. ಕಾರ್ಖಾನೆ ಮುಚ್ಚಿ ಮೂರು ದಶಕ ದಾಟಿದರೂ ಜರ್ಮನಿಯಲ್ಲಿ ಜನ ಅದನ್ನು ತೇಪೆ ಹಾಕಿ, ಬಣ್ಣ ಬಳಿದು ಓಡಿಸುತ್ತಿದ್ದಾರೆ. ಉಳಿಸಬೇಕು ಎಂಬ ಮನಸ್ಸಿದ್ದವರಿಗೆ ಪ್ಲಾಸ್ಟಿಕ್ ಅಡ್ಡ ಬಂದಿಲ್ಲ.

ಎಣ್ಣೆ ಹಚ್ಚುವ ಮೋಸ

ಕೌಂಟರಿನವರನ್ನು ಮಾತ್ರ ಬೈದರೆ ನ್ಯಾಯವಲ್ಲ. ರಸ್ತೆ ಬದಿಯ ಪಾಲಿಶ್‌ನವರದ್ದೂ ಇದೆ.

ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ ಕಪ್ಪು ಬಂಪರಿಗೆ ಡೀಸೆಲ್, ಕೊಬ್ಬರಿ ಎಣ್ಣೆ, ಅಥವಾ ಬಾಟಲಿಯಲ್ಲಿ ಬರುವ ಯಾವುದೋ ಹೊಳಪಿನ ದ್ರವ ಒರೆಸಿ ದುಡ್ಡು ಇಸಿದುಕೊಳ್ಳುತ್ತಾರೆ. ಸಂಜೆಗೆ ಮಿರಿಮಿರಿ, ಮೊದಲ ಮಳೆಗೆ ಮೊದಲಿನಂತೆ. ಎಣ್ಣೆ ಧೂಳನ್ನು ಹಿಡಿಯುತ್ತದೆ. ಸಿಲಿಕೋನ್ ಇರುವ ದ್ರವವಾದರೆ ಇನ್ನೂ ಕೆಟ್ಟದ್ದು. ಮುಂದೆ ಯಾವತ್ತೋ ಬಣ್ಣ ಹೊಡೆಸುವಾಗ ಆ ಜಾಗದಲ್ಲಿ ಬಣ್ಣ ಕೂರದೆ ಗುಳಿ ಗುಳಿ ಬೀಳುತ್ತದೆ.

ಬೂದಿಯಂತೆ ಕಾಣುವುದು ಬಿಸಿಲಿಗೆ ಸತ್ತ ಮೇಲ್ಪದರ. ಅದನ್ನು ವಾಟರ್ ಪೇಪರ್‌ನಿಂದ ಉಜ್ಜಿ ತೆಗೆಯಬೇಕು. ಜಿಡ್ಡು ಪೂರ್ತಿ ಹೋಗಬೇಕು. ಪಿಪಿ ಆದರೆ ಪ್ಲಾಸ್ಟಿಕ್ ಪ್ರೈಮರ್ ಹೊಡೆಯಲೇಬೇಕು. ಅಂಗಡಿಯಲ್ಲಿ ‘ಅಡ್ಹೀಷನ್ ಪ್ರಮೋಟರ್’ ಎಂದು ಕೇಳಿ. ಅದು ಇಲ್ಲದೆ ಹೊಡೆದ ಬಣ್ಣ ಹಾವಿನ ಪೊರೆಯ ಹಾಗೆ ಸುಲಿಯುತ್ತದೆ. ಬಗ್ಗುವ ಭಾಗಕ್ಕೆ ಬಗ್ಗುವ ಬಣ್ಣವೇ ಬೇಕು. ಬಣ್ಣಕ್ಕೆ ಬೆರೆಸುವ ಫ್ಲೆಕ್ಸ್ ದ್ರವ ಸಿಗುತ್ತದೆ. ಹಳೆ ಕಪ್ಪು ಬಂಪರಿಗೆ ಮ್ಯಾಟ್ ಕಪ್ಪನ್ನೇ ಹೊಡೆಸಿ, ಹೊಳಪು ಹೊಡೆಸಬೇಡಿ. ಅದು ಆ ಕಾರಿನ ಮುಖವೇ ಅಲ್ಲ.

ಹೆಡ್‌ಲೈಟ್ ವಿಷಯ ಬರೀ ಅಂದದ್ದಲ್ಲ. ಅಂಬಾಸಿಡರ್, ಪದ್ಮಿನಿ, ಮೊದಲ ಕಾಲದ 800ರ ಹೆಡ್‌ಲೈಟ್ ಗಾಜಿನದು, ಹಳದಿ ಆಗದು. ಆಮೇಲೆ ಬಂದ ಕಾರುಗಳಲ್ಲಿ ಪಾಲಿಕಾರ್ಬೊನೇಟ್ ಬಂತು. ಅದರ ಮೇಲಿನ ರಕ್ಷಣಾ ಪದರ ಬಿಸಿಲಿಗೆ ಸವೆದರೆ ಹಳದಿ ಕಟ್ಟಿ ಬೆಳಕು ಕುಗ್ಗುತ್ತದೆ. ನಮ್ಮ ರಸ್ತೆಗಳಲ್ಲಿ ಬೀದಿದೀಪ ಇಲ್ಲ. ಸುಗ್ಗಿಯಲ್ಲಿ ರಾಗಿ, ಹುರುಳಿ ಒಕ್ಕಲು ರಸ್ತೆಗೇ ಹಾಸಿರುತ್ತಾರೆ. ಹಿಂಬದಿ ದೀಪವಿಲ್ಲದ ಟ್ರಾಕ್ಟರ್ ಟ್ರೇಲರ್ ನಿಂತಿರುತ್ತದೆ. ಮಂದ ಬೆಳಕಿನಲ್ಲಿ ಅದು ಕಾಣುವಷ್ಟರಲ್ಲಿ ತಡವಾಗಿರುತ್ತದೆ.

ಇದಕ್ಕೆ ಟೂತ್‌ಪೇಸ್ಟ್ ತಿಕ್ಕಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಬರುತ್ತದೆ. ತಿಕ್ಕಿದರೆ ಕೆಲವು ವಾರ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಅಳಿದುಳಿದ ರಕ್ಷಣಾ ಪದರವನ್ನೂ ತಿಕ್ಕಿ ತೆಗೆದಿರುತ್ತೀರಿ, ಮತ್ತೆ ಬೇಗ ಹಳದಿಯಾಗುತ್ತದೆ. ಸರಿಯಾದ ಕ್ರಮ: ನೀರು ಹಾಕುತ್ತಾ 800, 1500, 2000, 3000 ನಂಬರಿನ ವಾಟರ್ ಪೇಪರ್‌ನಿಂದ ಒಂದಾದ ಮೇಲೊಂದು ಉಜ್ಜಬೇಕು. ಕೊನೆಗೆ ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆಯಬೇಕು. ಆ ಕೊನೆಯ ಪದರ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಇಲ್ಲಿ ಮಾತ್ರ ಅಸಿಟೋನ್ ಮುಟ್ಟಿಸಬೇಡಿ, ಪಾಲಿಕಾರ್ಬೊನೇಟ್ ಬಿರುಕು ಬಿಟ್ಟು ಮಂಜಾಗುತ್ತದೆ.

ಅವರ ವಾದಗಳಿಗೆ ಉತ್ತರ

“ಸೇಫ್ಟಿ ಮುಖ್ಯ ಸರ್” ಅನ್ನುತ್ತಾರೆ. ಒಪ್ಪಿದೆ. ಸೀಟ್ ಬೆಲ್ಟಿನ ಲಾಕ್, ಬ್ರೇಕ್ ಆಯಿಲ್ ಡಬ್ಬಿ, ಪ್ಲಾಸ್ಟಿಕ್ ಪೆಟ್ರೋಲ್ ಟ್ಯಾಂಕ್, ರೇಡಿಯೇಟರಿನ ಪ್ಲಾಸ್ಟಿಕ್ ಭಾಗ, ಏರ್‌ಬ್ಯಾಗಿನ ಮುಚ್ಚಳ ಇವಕ್ಕೆ ತೇಪೆ ಬೇಡ, ಹೊಸದೇ ಹಾಕಿಸಿ. ಹಳೆ ಸ್ಟೀರಿಂಗ್‌ನ ಪ್ಲಾಸ್ಟಿಕ್ ಬಿರುಕನ್ನು ಎಪಾಕ್ಸಿಯಿಂದ ತುಂಬಬಹುದು, ಆದರೆ ಒಳಗಿನ ಕಬ್ಬಿಣದ ಬಳೆಯೇ ಸೀಳಿದ್ದರೆ ಎಸೆಯಿರಿ. ಆದರೆ ಜಾಲರಿ, ಗ್ಲೋವ್ ಬಾಕ್ಸ್ ಮುಚ್ಚಳ, ಬಾಗಿಲಿನ ಒಳಹಲಗೆ ಒಡೆದಾಗಲೂ ಸೇಫ್ಟಿ ಎನ್ನುವುದು ಹೆದರಿಸುವ ಮಾತು. ಅಂದಹಾಗೆ, ಬಂಪರ್ ಉಳಿಸಲೆಂದು ಮುಂದೆ ಕಬ್ಬಿಣದ ಗಾರ್ಡ್ ಕಟ್ಟಿಸುವವರೂ ಕೇಳಿ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಅದರ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆದಿದೆ.

“ಹೊಸದೇ ಅಗ್ಗ” ಎಂಬುದು ಇನ್ನೊಂದು ವಾದ. ಕೆಲವು ಸಲ ನಿಜ. 800ರ ಲೋಕಲ್ ಬಂಪರ್ ಸಲೀಸಾಗಿ ಸಿಗುತ್ತದೆ, ರಿಪೇರಿಯ ಕೂಲಿಗಿಂತ ಕಡಿಮೆಗೂ ಸಿಗಬಹುದು. ಲೆಕ್ಕ ಹಾಕಿ ಹೊಸದು ಹಾಕಿಸಿದರೆ ನನ್ನ ತಕರಾರಿಲ್ಲ. ಲೆಕ್ಕ ಹಾಕುವ ಅವಕಾಶವನ್ನೇ ನಿಮಗೆ ಕೊಡದಿರುವುದು ನನ್ನ ತಕರಾರು. ಉತ್ಪಾದನೆ ನಿಂತ ಕಾರಿಗೆ ಕಂಪನಿಯ ಮೂಲ ಭಾಗ ಒಂದೊಂದಾಗಿ ಕಣ್ಮರೆಯಾಗುತ್ತಿದೆ. ಲೋಕಲ್ ಮಾಲು ತೆಳು, ತೂತಿಗೆ ತೂತು ಕೂಡುವುದಿಲ್ಲ. ಅದನ್ನು ಕೂರಿಸಲು ಒಳ್ಳೆಯದನ್ನು ಕತ್ತರಿಸುತ್ತಾರೆ. ಇರುವ ಮೂಲ ಭಾಗವನ್ನು ಎಸೆದರೆ ಮತ್ತೆ ಸಿಗದು.

ಲಾಭ ಯಾರಿಗೆ?

ಈ ಸುಳ್ಳು ಏಕೆ ಇಷ್ಟು ಗಟ್ಟಿಯಾಗಿ ನಿಂತಿದೆ? ವಿಮೆಯ ಕಾಗದ ಓದಿ. ಸಾಮಾನ್ಯ ವಿಮೆಯಲ್ಲಿ ಅಪಘಾತವಾದಾಗ ಲೋಹದ ಭಾಗಕ್ಕೆ ಕಾರಿನ ವಯಸ್ಸು ನೋಡಿ ಸವಕಳಿ ಕಳೆಯುತ್ತಾರೆ. ಮೊದಲ 6 ತಿಂಗಳು ಏನೂ ಇಲ್ಲ, ಆಮೇಲೆ ಹಂತ ಹಂತವಾಗಿ ಏರುತ್ತದೆ. ಪ್ಲಾಸ್ಟಿಕ್‌ಗೆ? ಮೊದಲ ದಿನದಿಂದಲೇ ಶೇ 50. ಅಂದರೆ ನೆನ್ನೆ ಕೊಂಡ ಕಾರಿನ ಬಂಪರ್ ಬದಲಿಸಿದರೂ ಅರ್ಧ ದುಡ್ಡು ನಿಮ್ಮ ಜೇಬಿನದು. ಹಳೆ ಕಾರುಗಳಿಗೆ ನಮ್ಮ ಜನ ಕಟ್ಟುವುದು ಹೆಚ್ಚಾಗಿ ಥರ್ಡ್ ಪಾರ್ಟಿ ವಿಮೆ ಮಾತ್ರ, ಅಲ್ಲಿ ಪೂರ್ತಿ ನಿಮ್ಮದೇ. ಬದಲಿಸು ಎನ್ನುವವನಿಗೆ ಬಿಡಿಭಾಗದ ಲಾಭ, ಕಟ್ಟುವುದು ನೀವು.

ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆಗೆ ವಾಹನವೂ ಅದರ ಪಟ್ಟಿಯಲ್ಲಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಪೋರ್ಟಲ್ ಕೂಡ ಬಂತು. ಪೋರ್ಟಲ್‌ನಿಂದ ಮುರಿದ ಕಿವಿ ಕೂಡುವುದಿಲ್ಲ. ಕಂಪನಿಗಳು ಕಿವಿ, ಕ್ಲಿಪ್ಪು, ಲಾಕ್‌ಗಳನ್ನು ಬಿಡಿಯಾಗಿ ಮಾರಲಿ. ಬಂಪರಿನ ಒಂದು ಕ್ಲಿಪ್ಪಿಗೆ ಇಡೀ ಸೆಟ್ ಕೊಳ್ಳಿ ಎನ್ನುವುದು ನಿಲ್ಲಲಿ.

ಕೊನೆಯದಾಗಿ, ಕೆಲಸ ಮಾಡುವ ಹುಡುಗರ ಮಾತು. ಇವತ್ತು ತಾಲ್ಲೂಕು ಗ್ಯಾರೇಜ್‌ಗಳಲ್ಲಿ ಪ್ಲಾಸ್ಟಿಕ್ ಕರಗಿಸುವ ಹುಡುಗರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಕೂತಿರುತ್ತಾರೆ. ಎರಡು ಡಬ್ಬಿ ಬೆರೆಸಿ ಹೊಡೆಯುವ ಬಣ್ಣದ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದು ಉಸಿರಿಗೆ ಹೋದರೆ ಜೀವನಪೂರ್ತಿ ಆಸ್ತಮಾ ಅಂಟಿಕೊಳ್ಳಬಹುದು. ಕರ್ಚೀಫು ಅದನ್ನು ತಡೆಯುವುದಿಲ್ಲ. ಇದ್ದಿಲು ಕಾರ್ಟ್ರಿಜ್‌ನ ಮಾಸ್ಕ್ ಬೇಕು, ಗಾಳಿ ಆಡುವ ಜಾಗ ಬೇಕು. ಪಿವಿಸಿಯನ್ನು ಸುಡಲೇಬಾರದು. ಇದನ್ನೆಲ್ಲ ಅವರಿಗೆ ಹೇಳಿಕೊಡುವವರು ಯಾರು? ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕೋರ್ಸ್ ಇದೆ. ಪ್ಲಾಸ್ಟಿಕ್ ತಂತ್ರಜ್ಞಾನಕ್ಕೆಂದೇ ಮೈಸೂರಿನಲ್ಲಿ ಸಿಪೆಟ್ ಇದೆ. ಎರಡನ್ನೂ ಕೂಡಿಸಿ ಪ್ರತಿ ಜಿಲ್ಲೆಯಲ್ಲೂ ಒಂದು ತಿಂಗಳ ತರಬೇತಿ ನಡೆಸುವುದು ಸರ್ಕಾರಕ್ಕೆ ಬೆಟ್ಟ ಹೊರುವ ಕೆಲಸವಲ್ಲ. ಬಿಸಿಗಾಳಿ ಗನ್ನು, ಮಾಸ್ಕು, ಪ್ರಮಾಣಪತ್ರ ಕೊಟ್ಟರೆ ಆ ಹುಡುಗ ಊರಲ್ಲೇ ದುಡಿಯುತ್ತಾನೆ. ಕಾರಷ್ಟೇ ಅಲ್ಲ, ನೀರಿನ ಟ್ಯಾಂಕು, ಸ್ಪ್ರೇಯರ್ ಡಬ್ಬಿ, ಸ್ಕೂಟರ್ ಮೈ ಎಲ್ಲವೂ ಅವನ ಹತ್ತಿರ ಬರುತ್ತವೆ.

ಅಲ್ಲಿಯವರೆಗೆ ನೀವು ಮಾಡಬೇಕಾದದ್ದು ಮೂರು. ಬಿಚ್ಚಿದ ಹಳೆ ಭಾಗವನ್ನು ಕೇಳಿ ವಾಪಸ್ ತನ್ನಿ, ಅದು ನಿಮ್ಮ ಸ್ವತ್ತು. “ಇದು ಯಾವ ಪ್ಲಾಸ್ಟಿಕ್? ಪಿಪಿನಾ, ಎಬಿಎಸ್ಸಾ?” ಎಂದು ಕೇಳಿ. ಉತ್ತರ ಬಾರದಿದ್ದರೆ ಆ ಅಂಗಡಿಯಲ್ಲಿ ಕೆಲಸ ಕೊಡಬೇಡಿ. ರಿಪೇರಿಗೆ ಎಷ್ಟು, ಹೊಸದಕ್ಕೆ ಎಷ್ಟು ಎಂದು ಎರಡನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ. ಮೋಸ ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಹರಿದ ಕಂಬಳಿಗೆ ತೇಪೆ ಹಾಕಿ ಹೊದ್ದ ಜನ ನಾವು. ಒಡೆದ ಕೊಡಕ್ಕೆ ಬೆಸುಗೆ ಹಾಕಿಸಿದ ಜನ ನಾವು. ಕೌಂಟರಿನಲ್ಲಿ ಕೂತ ಒಬ್ಬ ಹುಡುಗ ಆಗಲ್ಲ ಅಂದ ಮಾತ್ರಕ್ಕೆ ಗಟ್ಟಿಮುಟ್ಟಾದ ಕಾರನ್ನು ಗುಜರಿಗೆ ತೂಕಕ್ಕೆ ಹಾಕಬೇಡಿ. ಮೊದಲು ಒಂದು ಲೋಟ ನೀರು ತರಿಸಿ.